ತೊಳೆಯದ ಡಬ್ಬಿ

ವಿಜಯನಗರದ ನನ್ನ ಮೆಸ್ಸಿನಿಂದ ಊಟದ ಡಬ್ಬಿ ಒಯ್ಯುವವರಿಗೆ ಒಂದೇ ಕಾನೂನು: ಮರುದಿನ ಖಾಲಿ ಡಬ್ಬಿಯನ್ನು ತೊಳೆದು ತರಬೇಕು. ತೊಳೆಯದೆ ತಂದವರಿಗೆ ಅಂದು ಊಟವಿಲ್ಲ, ಬೈಗುಳ ಮಾತ್ರ. ಈ ಜಗದಾಂಬಾ ಆಂಟಿಯ ಬಾಯಿಗೆ ಹೆದರಿ ಹುಡುಗರು ಬಾಗಿಲಲ್ಲೇ ನಿಂತು ಡಬ್ಬಿಯನ್ನು ಇನ್ನೊಮ್ಮೆ ಮೂಸಿ ನೋಡುತ್ತಿದ್ದರು. ನಾನೇನು ಸುಮ್ಮನೆ ಕೂಗುತ್ತಿದ್ದೆನೇ? ಮೂವತ್ತು ಡಬ್ಬಿ ಉಜ್ಜಿದರೆ ಈ ಸೊಂಟದ ಗತಿ ಏನು?

ಅದು ೨೦೦೫. ಗದಗ ಕಡೆಯ ವಚನಾ ಎಂಬ ಹುಡುಗಿ ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬಳೇ ರೂಮು ಹಿಡಿದು ಬಿ.ಎಸ್ಸಿ. ಓದುತ್ತಿದ್ದಳು. ಅವಳ ಡಬ್ಬಿ ಫಳಫಳ ಹೊಳೆಯುತ್ತಿತ್ತು. ನಾನು ಅದನ್ನು ಎತ್ತಿ ಹಿಡಿದು, "ನೋಡ್ರೋ, ಕಲೀರಿ! ಡಬ್ಬಿ ಅಂದ್ರೆ ಇದು ಕಣ್ರೋ!" ಎನ್ನುತ್ತಿದ್ದೆ. ಅವಳು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ನಾಚಿಕೆ ಎಂದುಕೊಂಡೆ.

ಒಂದು ಮಧ್ಯಾಹ್ನ ನನ್ನ ಜೊತೆ ರೊಟ್ಟಿ ತಟ್ಟುವ ಹನುಮಕ್ಕ ಹೊರಗಿನಿಂದ ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ಮೂಲೆ ಮನೆ ಹಸು ನಮ್ ರೊಟ್ಟಿ ತಿಂತಾ ಐತೆ! ಎಣ್ಣೆಗಾಯಿ ಸಮೇತ! ಆ ವಚನಾ ದಿನಾ ಹಾಕ್ತಾಳಂತೆ."

ನನಗೆ ಪಿತ್ತ ನೆತ್ತಿಗೇರಿತು. ಮೂರು ಮಹಡಿ ಹತ್ತಿ ಬಾಗಿಲು ಬಡಿದೆ. "ಏನೇ, ನಾನು ಬೆಳಗ್ಗೆ ಐದಕ್ಕೆದ್ದು ಅಡುಗೆ ಮಾಡೋದು ಹಸುಗೇನೇ?" ಎಂದು ಶುರು ಮಾಡಿದವಳು ಅಲ್ಲಿಗೇ ನಿಂತೆ. ಹಗಲು ಮೂರು ಗಂಟೆಗೆ ಕಿಟಕಿ ಮುಚ್ಚಿ ಕೂತಿದ್ದಳು. ತಲೆ ಬಾಚಿ ಎಷ್ಟು ದಿನವಾಗಿತ್ತೋ. ಮುಖ ಇಳಿದುಹೋಗಿತ್ತು.

"ಸಾರಿ ಆಂಟಿ. ಗಂಟಲಲ್ಲಿ ಇಳಿಯೋದೇ ಇಲ್ಲ. ಬರೀ ಟೀ, ಬನ್ನು. ಡಬ್ಬಿ ತೊಳೀದೆ ತಂದ್ರೆ ಬೈತೀರ ಅಂತ..."

"ಎಷ್ಟು ದಿನದಿಂದ?"

"ರಿಸಲ್ಟ್ ಬಂದಾಗಿಂದ. ಎರಡು ತಿಂಗಳಾಯ್ತು. ಎರಡು ಸಬ್ಜೆಕ್ಟ್ ಹೋಯ್ತು. ಮನೇಲಿ ಹೇಳಿಲ್ಲ."

ಅವಳ ಪಕ್ಕ ಕುಳಿತೆ. ಕೇಳಬಾರದೇನೋ ಎನ್ನಿಸಿದರೂ ಕೇಳಿಯೇಬಿಟ್ಟೆ. "ಸಾಯ್ಬೇಕು ಅನ್ಸತ್ತೇನೇ?"

 ಅವಳು "ಹೂಂ, ಒಂದೊಂದ್ಸಲ" ಎಂದು ನನ್ನ ಹೆಗಲಿಗೆ ಬಿದ್ದು ಅತ್ತಳು. ಅಯ್ಯೋ ಶಿವನೇ! ಎರಡು ತಿಂಗಳು ಅವಳ ಡಬ್ಬಿಯನ್ನು ಊರಿಗೆಲ್ಲ ತೋರಿಸಿದೆ, ಮುಖವನ್ನು ಒಂದು ದಿನವೂ ನೋಡಲಿಲ್ಲ. ನನಗೇ ನಾಚಿಕೆಯಾಯಿತು.

"ಏಳು. ಇವತ್ತಿಂದ ನೀನು ಒಬ್ಳೇ ಇರೋದು ಬೇಡ. ನಮ್ಮನೇಗೆ ನಡಿ."

ಅಂದೇ ಅವಳ ತಾಯಿಗೆ ಫೋನ್ ಮಾಡಿಸಿದೆ. ಮರುದಿನ ತಾಯಿ ಬಂದರು, ಮೂವರೂ ಡಾಕ್ಟರ ಹತ್ತಿರ ಹೋದೆವು. ಮಾತ್ರೆ ಬರೆದುಕೊಟ್ಟು, ವಾರಕ್ಕೊಮ್ಮೆ ಬಂದು ಮಾತಾಡಬೇಕು, ಸುತ್ತಮುತ್ತ ಜನ ಇರಬೇಕು ಎಂದರು. ನನ್ನ ಮೆಸ್ಸಿನಲ್ಲಿ ಜನಕ್ಕೇನು ಬರವೇ? ಹನುಮಕ್ಕ ಅವಳನ್ನು ರೊಟ್ಟಿ ಹಿಟ್ಟಿನ ಮುಂದೆ ಕೂರಿಸಿದಳು. ಅವಳು ತಟ್ಟಿದ್ದು ಹೆಂಚು ಮುಟ್ಟುವ ಮೊದಲೇ ಹರಿಯುತ್ತಿತ್ತು. ಅವಳ ಕಾಲೇಜಿನವನೇ ಆದ ಕರಿಬಸಪ್ಪ ದಿನಾ ನೋಟ್ಸ್ ತಂದುಕೊಟ್ಟು, ತನ್ನ ಡಬ್ಬಿಗೆ ಕಾಯುತ್ತ ಪಾಠದ ಮಾತಾಡುತ್ತಿದ್ದ. ಕೆಲವು ದಿನ ಅವಳು ತುಟಿ ಬಿಚ್ಚುತ್ತಿರಲಿಲ್ಲ. ಅಂಥ ದಿನ ನಾನೂ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತು ಸೊಪ್ಪು ಸೋಸಿದೆ. ನನ್ನಂಥವಳಿಗೆ ಅದೇನು ಸಣ್ಣ ಕೆಲಸವೇ!

ನಾಲ್ಕು ತಿಂಗಳ ಮೇಲೆ ಗೆಳತಿಯೊಬ್ಬಳನ್ನು ಜೊತೆಗಿಟ್ಟುಕೊಂಡು ರೂಮಿಗೆ ಮರಳಿದಳು. ಮತ್ತೆ ಡಬ್ಬಿ ಶುರುವಾಯಿತು. ಮುಚ್ಚಳ ತೆಗೆಯುವಾಗೆಲ್ಲ ನನಗೆ ಮೂಲೆ ಮನೆ ಹಸುವಿನ ನೆನಪು. ತೊಳೆದ ಡಬ್ಬಿ ನೋಡಿ ಏನು ತಿಳಿಯಬೇಕು? ಅದಕ್ಕೇ ಮುಖ ನೋಡುತ್ತಿದ್ದೆ.

ಒಂದು ಸೋಮವಾರ ಅವಳು ಓಡುತ್ತ ಬಂದು ಡಬ್ಬಿ ಕುಕ್ಕಿ, "ಆಂಟಿ, ಲೇಟಾಯ್ತು, ಬಸ್ ಬಂತು!" ಎಂದು ಓಡಿಯೇಬಿಟ್ಟಳು. ಮುಚ್ಚಳ ತೆಗೆದೆ. ಒಳಗೆಲ್ಲ ಒಣಗಿದ ಎಣ್ಣೆಗಾಯಿ ಮಸಾಲೆ, ಅದರಲ್ಲಿ ಬೆರಳಿನಿಂದ ಬಳಿದು ನೆಕ್ಕಿದ ಗೆರೆಗಳು.

ಹಿಂದೆ ನಿಂತಿದ್ದ ಕರಿಬಸಪ್ಪ ಇಣುಕಿದ. "ಆಂಟಿ, ತೊಳ್ದೇ ಇಲ್ಲ! ಇವತ್ತು ಅವ್ಳಿಗೆ ಊಟ ಇಲ್ಲ ತಾನೇ?"

"ಮುಚ್ಚೋ ಬಾಯಿ, ದೊಡ್ಡ ಲಾಯರ್ ಬಂದ!" ಎಂದು ಗದರಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡೆ. ಆ ಡಬ್ಬಿಯನ್ನು ನಾನೇ ಉಜ್ಜಿ, ಒಂದು ರೊಟ್ಟಿ ಹೆಚ್ಚಿಗೆ ಇಟ್ಟೆ. ಸೊಂಟದ ನೆನಪೂ ಆಗಲಿಲ್ಲ.