ಆಸಿಫಾ ಮುಳುಗಿಸಿದ ಸೂರ್ಯ

ಐದನೇ ಕ್ಲಾಸಿನ ಆಸಿಫಾಗೆ ಹೊಸದೇನಾದರೂ ಗೊತ್ತಾದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಸೂರ್ಯ ಒಂದು ನಕ್ಷತ್ರ, ಅದರೊಳಗೆ ಹದಿಮೂರು ಲಕ್ಷ ಭೂಮಿ ಹಿಡಿಸುತ್ತವೆ, ಅಲ್ಲಿರುವುದು ಸೌದೆಯ ಬೆಂಕಿಯಲ್ಲ, ಕಾದ ಅನಿಲ ಎಂದು ದೇವಕಿ ಟೀಚರ್ ಹೇಳಿದ್ದನ್ನೆಲ್ಲ ಕೊಪ್ಪ ಬಸ್‌ಸ್ಟ್ಯಾಂಡಿನ ಬಳಿ ಅಪ್ಪನ ಕೊಡೆ ಅಂಗಡಿಯಿಂದ ಹಿಡಿದು ಮನೆಯ ಅಡುಗೆಕೋಣೆಯವರೆಗೆ ಸಾರಿದ್ದಳು. ಬೇಸರವಿಲ್ಲದೆ ಕೇಳುತ್ತಿದ್ದವರು ಅಪ್ಪನ ತಾಯಿ, ದಾದಿ ಮಜೀದಾ ಒಬ್ಬರೇ. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಮೊಮ್ಮಗಳು ಹೇಳಿದ್ದೇ ಸತ್ಯ.

೨೦೦೭ರ ರಂಜಾನ್‌ನಲ್ಲಿ ಆಸಿಫಾ ಮೊದಲ ಸಲ ರೋಜಾ ಹಿಡಿದಳು, ಹಗಲಿಡೀ ನೀರೂ ಮುಟ್ಟದ ಉಪವಾಸ. ಮಕ್ಕಳಿಗೆ ಕಡ್ಡಾಯವಿಲ್ಲ ಎಂದರೂ ಕೇಳಲಿಲ್ಲ, ಹಟಮಾರಿ. ಸಂಜೆಯ ಹೊತ್ತಿಗೆ ಗಂಟಲು ಒಣಗಿತು. ಮೋಡ ಕವಿದು ಸೂರ್ಯ ಕಾಣುತ್ತಿರಲಿಲ್ಲ. ಎದುರಿಗೆ ಖರ್ಜೂರ, ಶರಬತ್ತು. ಸೂರ್ಯ ಮುಳುಗಿ ಮಸೀದಿಯ ಆಜಾನ್ ಕೇಳಿದ ಮೇಲೆಯೇ ತಿನ್ನಬೇಕು, ಅದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ನೀರು ಕೇಳೋಣವೆಂದರೆ ಜಂಬ ಬಿಡಲಿಲ್ಲ.

"ದಾದಿ, ಸೂರ್ಯನ ಬೆಳಕು ಇಲ್ಲಿಗೆ ಬರೋಕೆ ಎಂಟು ನಿಮಿಷ ಬೇಕು. ಅಂದ್ರೆ ನಮಗೆ ಮುಳುಗಿದ್ದು ಕಾಣೋದೇ ತಡವಾಗಿ. ನಿಜವಾಗ್ಲೂ ಈಗ್ಲೇ ಮುಳುಗಿ ಆಯ್ತು. ನಿಮಗೆ ಪಾಪ ಸುಸ್ತಾಗಿದೆ, ತಿನ್ನಿ."

"ಹೌದಾ ಮಗಾ? ಟೀಚರ್ ಹೇಳಿದ್ರಾ?"

"ಹ್ಞೂಂ, ಟೀಚರೇ ಹೇಳಿದ್ದು."

ಟೀಚರ್ ಹೇಳಿದ್ದು ಎಂಟು ನಿಮಿಷದ ಮಾತು ಮಾತ್ರ. ಉಳಿದದ್ದನ್ನು ಬಾಯಾರಿಕೆ ಹೇಳಿಸಿತ್ತು.

ದಾದಿ ಬಿಸ್ಮಿಲ್ಲಾ ಎಂದು ಖರ್ಜೂರ ಬಾಯಿಗಿಟ್ಟರು. ಆಸಿಫಾ ಶರಬತ್ತನ್ನು ಗಟಗಟ ಕುಡಿದಳು. ಬಜ್ಜಿಯ ತಟ್ಟೆ ಹಿಡಿದು ಬಂದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಅಯ್ಯೋ ಅತ್ತೆ, ಆಜಾನ್ ಇನ್ನೂ ಆಗ್ಲಿಲ್ವಲ್ಲ!"

ದಾದಿಯ ಮುಖ ಬಿಳಿಚಿಕೊಂಡಿತು. ಆದರೂ ಬೈಯಲಿಲ್ಲ. ಬೈದಿದ್ದರೆ ಆಸಿಫಾಗೆ ಎಷ್ಟೋ ಹಗುರವಾಗುತ್ತಿತ್ತು. "ಮುದುಕಿ ನಾನು, ನನಗೆ ಬುದ್ಧಿ ಬೇಡ್ವಾ? ಹಬ್ಬ ಆದ್ಮೇಲೆ ಇದರ ಬದಲಿಗೆ ಒಂದು ರೋಜಾ ಹಿಡೀತೀನಿ," ಎಂದರಷ್ಟೆ.

ಮರುದಿನ ಆಸಿಫಾ ಟೀಚರ್ ಹತ್ತಿರ ಹೋಗಿ ಕೇಳಿದಳು. ಅವರು ನಕ್ಕರು. "ಸೂರ್ಯ ಎಲ್ಲಿಗೂ ಹೋಗಲ್ಲ ಮಾರಾಯ್ತಿ. ತಿರುಗೋದು ಭೂಮಿ. ಅದು ನಮ್ಮನ್ನ ಅತ್ಲಾಗೆ ತಿರುಗಿಸ್ದಾಗ ನಮಗೆ ಸಂಜೆ. ಮೊದಲೇ ಹೋಗಿ ಮುಳುಗಿರೋಕೆ ಅವನೇನು ಕೆರೆಗೆ ಇಳೀತಾನಾ?"

ಇದ್ದ ಒಂದು ನೆಪವೂ ಹೋಯಿತು. ಹಬ್ಬದ ದಿನ ಹೊಸ ಬಟ್ಟೆ ತೊಟ್ಟರೂ ಆಸಿಫಾಗೆ ಪಾಯಸ ಸೇರಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ದಿನ ಮನೆಯವರೆಲ್ಲ ಉಂಡರು, ದಾದಿ ಮಾತ್ರ ಆ ಬದಲಿ ರೋಜಾ ಹಿಡಿದರು. ಆಸಿಫಾ ಕೂಡ ಯಾರಿಗೂ ಹೇಳದೆ ಬೆಳಿಗ್ಗೆಯಿಂದ ಏನೂ ಮುಟ್ಟಲಿಲ್ಲ, ಬುತ್ತಿ ಡಬ್ಬಿಯನ್ನು ಬಿಚ್ಚದೆ ಬಚ್ಚಿಟ್ಟಳು. ಸಂಜೆ ದಾದಿಯ ಪಕ್ಕ ಕುಳಿತಾಗ ಅಳು ತಡೆಯಲಾಗಲಿಲ್ಲ.

"ಅವತ್ತು ಬಾಯಾರಿದ್ದು ನನಗೆ, ದಾದಿ. ಟೀಚರ್ ಹಾಗೆ ಹೇಳಿರ್ಲಿಲ್ಲ."

ದಾದಿ ಅವಳ ಒಣಗಿದ ತುಟಿ ನೋಡಿದರು. ಒಳಗೆ ಹೋಗಿ ಒಂದು ಲೋಟ ನೀರು ತಂದರು.

"ಬಾಯಾರಿಕೆ ಅಂದಿದ್ರೆ ಮಧ್ಯಾಹ್ನವೇ ಕೊಡ್ತಿದ್ನಲ್ಲ ಮಗಾ. ಅಷ್ಟಕ್ಕೆ ಸೂರ್ಯನ್ನ ಯಾಕೆ ಮುಳುಗಿಸೋಕೆ ಹೋದೆ? ಕುಡಿ."

ಆಸಿಫಾ ಲೋಟ ಹಿಡಿದುಕೊಂಡಳು, ಬಾಯಿಗಿಡಲಿಲ್ಲ.

"ಆಜಾನ್ ಆಗ್ಲಿ, ದಾದಿ."