ಮೂಲೆಯ ಹೊಂಗೆ

ಕಾಲಡಿ ಏನೋ ಬುಳಕ್ ಎಂದಿತು, ಕೆಸರಿನ ಗುಳ್ಳೆ, ಮೊನ್ನೆ ತುಳಿದ ಹೊಂಗೆ ಸೊಪ್ಪು ಆಗಲೇ ಕೊಳೆಯುತ್ತಿದೆ, ಕೆಸರು ಮೊಳಕಾಲವರೆಗೂ ಬೆಚ್ಚಗೆ, ಮೀಯಿಸಲು ಕಾಲ ಮೇಲೆ ಮಲಗಿಸಿಕೊಂಡ ಕೂಸಿನ ಮೈಯ ಹಾಗೆ — ಬೇಡ, ಅದೀಗ ಬೇಡ, ಇನ್ನೊಂದು ಹೊರೆ ಹರಡಬೇಕು, ಕಡ್ಡಿ ಆರಿಸಿ ಎಸೆದು ಎಲೆಯನ್ನಷ್ಟೇ ಹಿಮ್ಮಡಿಯಲ್ಲಿ ಒತ್ತಿ ಒಳಗೆ ಕಳಿಸಬೇಕು, ನಾಟಿಯ ಹೊತ್ತಿಗೆ ಅದು ಕರಗಿ ಮಣ್ಣಾಗಿರಬೇಕು. ಈ ನೀರು ನಾಲೆಯಿಂದ ಬಂದದ್ದು, ಇಲ್ಲಿಂದ ಸೋರಿ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಶಿವನಸಮುದ್ರದಲ್ಲಿ ಧುಮುಕಿ ಆಮೇಲೆ ಎಲ್ಲಿಗೋ, ಬದುವಿನ ಮೇಲೆ ಕೂತ ಮಗಳು ರಂಜಿತ ಅದನ್ನೇ ಬಾಯಿಪಾಠ ಮಾಡುತ್ತಿದ್ದಾಳೆ, ಅವ್ವ, ನೀರು ಎಲ್ಗೂ ಓಗಾಕಿಲ್ವಂತೆ ಕಣವ್ವ, ಆವಿಯಾಗಿ ಮಳೆಯಾಗಿ ಸುತ್ಕಂಡು ಬತ್ತದಂತೆ, ಎಲೆ ಕೊಳ್ತ್ರೆ ಅದ್ರ ಸಾರ ಬೇರಿಗೋಯ್ತದಂತೆ. ಓಗ್ಲಿ ಬುಡು, ನಿಮ್ಮವ್ವನ ಕಾಲೂ ಕೊಳ್ತು ಬೇರಿಗೋಯ್ತದೆ, ವತ್ತಾರೆಯಿಂದ ಕೆಸ್ರಲ್ಲವ್ಳೆ, ಎಂದು ಅತ್ತೆ ಹೊರೆ ಬಿಚ್ಚುತ್ತಾ ನಗುತ್ತಾರೆ. ಸೊಪ್ಪು ಸಾಲದು, ಕೆಳಗಿನ ಗದ್ದೆ ಇನ್ನೂ ಬರಿದಾಗಿದೆ. ನಾಳೆ ಮದ್ದೂರಿಂದ ಯೂರಿಯಾ ತತ್ತೀನಿ ತಗಳಿ, ಎಂದರು ನಮ್ಮವರು, ಮಚ್ಚು ಒರೆಸುತ್ತಾ, ಮೂಲೆಯ ಮರದ ಕಡೆ ಕಣ್ಣೆತ್ತದೆ. ಮನೆ ಮರ ಮಡಿಕಂಡು ಊರೋರ ಮರ ಬೋಳಿಸ್ತೀರಲ್ರಲಾ, ಅತ್ತೆಯ ಬಾಯಿಂದ ಜಾರಿತು, ಜಾರಿದ್ದೇ ತಡ ನನ್ನ ಮುಖ ನೋಡಿದರು, ನಾನು ಎಲೆ ತುಳಿದೆ.

ಆ ಹೊಂಗೆಗೆ ಮಚ್ಚು ಹಾಕಲು ಯಾರನ್ನೂ ನಾನು ಬಿಟ್ಟಿಲ್ಲ, ಅದರ ಬುಡದಲ್ಲಿ ರಂಜಿತಳ ಅಣ್ಣ ಮಲಗಿದ್ದಾನೆ, ಹೆಸರಿಡುವ ಮೊದಲೇ ಹೋದವನು. ಬಾಣಂತಿ ಹೊಸಿಲು ದಾಟಬಾರದು ಎಂದು ಮಣ್ಣಿಗೆ ನನ್ನನ್ನು ಕಳಿಸಲಿಲ್ಲ, ಕೊನೆಗೆ ನಾನು ಕಂಡದ್ದು ಅವನ ತುಟಿಯ ಮೇಲಿದ್ದ ಹಾಲಿನ ಗುಳ್ಳೆ, ಉಸಿರು ನಿಂತರೂ ಒಡೆಯದೆ ನಿಂತಿದ್ದ ಒಂದು ಗುಳ್ಳೆ — ಅವನು ಹೋದದ್ದು ಎದೆಗೆ ಗೊತ್ತಾಗಲಿಲ್ಲ, ಹಾಲು ಬರುತ್ತಲೇ ಇತ್ತು, ಕುಪ್ಪಸ ತೊಯ್ದು, ಎದೆ ಕಲ್ಲಾಗಿ. ಇಂಡ್ಬುಡು ಕಣವ್ವ, ಕಟ್ಕಂಡ್ರೆ ಜ್ವರ ಬತ್ತದೆ, ಬಟ್ಟಲು ಹಿಡಿದವರು ಈ ಅತ್ತೆಯೇ, ತಾಯಿ ಆಲ್ನ ಜನ ತುಳಿಯೋ ತಾವು ಉಯ್ಬಾರ್ದು, ಎಂದು ದಿನಾ ಸೆರಗಿನ ಮರೆಯಲ್ಲಿ ಇಲ್ಲಿಗೆ ತಂದು ಆಗಿನ್ನೂ ಗೇಣುದ್ದವಿದ್ದ ಹೊಂಗೆ ಸಸಿಗೆ ಹುಯ್ದರು, ಎದೆ ಬತ್ತುವವರೆಗೂ. ಸಂದಾಗ್ ಕುಡಿತದೆ ಕಣವ್ವ, ಎಂದರು ಒಂದು ದಿನ, ನಾನು ಗೋಡೆ ಕಡೆ ತಿರುಗಿ ಮಲಗಿದೆ. ಈಗ ಅದು ಅರ್ಧ ಗದ್ದೆಗೆ ನೆರಳು ಚೆಲ್ಲುತ್ತದೆ, ಚಿಗುರಿದಾಗ ಎಷ್ಟು ಮಿರುಗುತ್ತದೆ — ಬದುವಿನ ಗಂಡಿಯಿಂದ ಬರುವ ನೀರಲ್ಲಿ ಒಂದು ಎಲೆ ತೇಲಿ ಬಂತು, ಹಣ್ಣೆಲೆ, ನನ್ನ ಕಾಲಿಗೆ ತಾಗಿ ನಿಂತಿತು, ಆ ಮರದ್ದೇ, ಆ ಕಡೆ ಬೇರೆ ಮರವಿಲ್ಲ. ಅದರ ಹಿಂದೆ ಇನ್ನೊಂದು. ಮಚ್ಚಿನಿಂದ ಮರವನ್ನು ಕಾದೆ, ಗಾಳಿಯಿಂದ ಕಾಯಲಿಲ್ಲ, ನೀರಿನಿಂದ ಕಾಯಲಿಲ್ಲ, ವರ್ಷ ವರ್ಷ ಉದುರಿ ತೇಲಿ ಬಂದಿದ್ದಾನೆ, ನನ್ನ ಕಾಲಡಿಯೇ ಮಣ್ಣಾಗಿದ್ದಾನೆ, ಭತ್ತವಾಗಿದ್ದಾನೆ, ರಂಜಿತಳಿಗೆ ನಾನು ಕಲಸಿಕೊಟ್ಟ ಮೊದಲ ತುತ್ತಿನಲ್ಲೂ ಇದ್ದನೇ, ಅವಳು ಬೆಳೆದದ್ದು ನನ್ನ ಹಾಲು ಎರಡು ಸಲ ಕುಡಿದೇ? ತುಳಿದೆನಲ್ಲ ಎಂದು ಕಾಲೆತ್ತಿದೆ, ಎತ್ತಿದ ಕಾಲನ್ನು ಎಲ್ಲಿಡಲಿ, ಕೂಸನ್ನು ಮೀಯಿಸುವುದೂ ಕಾಲ ಮೇಲೆಯೇ ಅಲ್ಲವೇ, ಅವನನ್ನು ಮೀಯಿಸಿದ್ದು ಅತ್ತೆ, ನನ್ನ ಕಾಲಿಗೆ ಅವನು ಬರಲೇ ಇಲ್ಲ, ಈ ಬೆಚ್ಚಗಿನ ಕೆಸರು — ಮೆಲ್ಲಗೆ ಕಾಲಿಟ್ಟೆ. ನಾಳೆ ನಮ್ಮವರು ಮದ್ದೂರಿಗೆ ಬೈಕು ತೆಗೆಯುವ ಮೊದಲು ನಾನೇ ಬಂದು ಮೂಲೆಯ ಹೊಂಗೆಯ ಕೆಳಗಿನ ಕೊಂಬೆ ಸವರುತ್ತೇನೆ, ಒಂದು ಹೊರೆ, ನನ್ನ ತಲೆಯ ಮೇಲೆ ಹೊತ್ತು ತರುತ್ತೇನೆ, ತುಳಿಯುವವಳೂ ನಾನೇ. ಯಾಕವ್ವ ನಿಂತ್ಕಂಡೆ, ರಂಜಿತ ಕೇಳುತ್ತಾಳೆ, ಏನಿಲ್ಲ ಕಣ್ ಮಗ, ನೀ ಓದು, ಎನ್ನುತ್ತೇನೆ, ಬೆರಳ ಸಂದಿಯಿಂದ ಒಂದು ಗುಳ್ಳೆ ಮೇಲೆದ್ದು ಬಂತು, ದುಂಡಗೆ, ಬೆಳ್ಳಗೆ, ನೀರಿನ ತುಟಿಯ ಮೇಲೆ, ಒಡೆಯದೆ, ಇನ್ನೂ ಒಡೆಯದೆ —