ಕೊಡೆ ಅಳಿಯನ ಅರ್ಜಿ

ಪುರಸಭೆಯ ದಾಖಲೆಯಲ್ಲಿ ಅವನು ಕೊಡೆ ರಿಪೇರಿಯವನು. ಮಾವ ಕಣ್ಣು ಮುಚ್ಚುವ ಮುನ್ನ ಬಸ್ ನಿಲ್ದಾಣದ ಗೋಡೆಗೆ ಒರಗಿದ ಪೆಟ್ಟಿಗೆ ಅಂಗಡಿಯನ್ನೂ ಅದರ ಪರವಾನಗಿಯನ್ನೂ ಅವನ ಹೆಸರಿಗೆ ಮಾಡಿಸಿದ್ದ. ಅಂದಿನಿಂದ ಊರವರ ಬಾಯಲ್ಲಿ ಅವನು ಕೊಡೆ ಅಳಿಯ. ಆದರೆ ಕೊಡೆಗೂ ಅವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವನ ಕೈಗೆ ಒಲಿದದ್ದು ಬೀಗ. ಕೀಲಿ ಕಳೆದುಕೊಂಡವರು, ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡವರು, ಎಲ್ಲರೂ ಓಡಿ ಬರುತ್ತಿದ್ದುದು ಅವನ ಹತ್ತಿರ. ಯಾರಾದರೂ ಅಪ್ಪಿತಪ್ಪಿ ಕೊಡೆಯನ್ನೇ ತಂದರೆ ಅದನ್ನು ಸಂಜೆ ಮನೆಗೆ ಒಯ್ಯುತ್ತಿದ್ದ. ಅಪ್ಪನ ಕಸುಬು ಬೆರಳ ತುದಿಯಲ್ಲಿದ್ದ ಹೆಂಡತಿ ಕಡ್ಡಿ ಕಟ್ಟಿ, ಬಟ್ಟೆ ಹೊಲಿದು ಕೊಡುತ್ತಿದ್ದಳು. ಪುರಸಭೆಯ ಇನ್ಸ್‌ಪೆಕ್ಟರರ ಕಣ್ಣಿಗೆಂದು ಅಂಗಡಿಯ ಮುಂದೆ ಎರಡು ಕರಿ ಕೊಡೆ ಸದಾ ನೇತಾಡುತ್ತಿದ್ದವು.

ಹನ್ನೊಂದು ವರ್ಷದ ಹಿಂದೆ ಅವನಿಗೆ ಪ್ರಾಮಾಣಿಕತೆಯ ಹುಚ್ಚು ಹಿಡಿದಿತ್ತು. ಪರವಾನಗಿಯಲ್ಲಿ ಕಸುಬಿನ ಹೆಸರು ಬದಲಾಯಿಸಿ ಕೊಡಿ ಎಂದು ಅರ್ಜಿ ಬರೆದ. 'ಅನುಭವ' ಎಂಬ ಕಡೆ, 'ಆರು ವರ್ಷದಿಂದ ಇದೇ ಅಂಗಡಿಯಲ್ಲಿ ಬೀಗದ ಕೆಲಸ ಮಾಡುತ್ತಿದ್ದೇನೆ' ಎಂದು ಎದೆಯುಬ್ಬಿಸಿ ಬರೆದು ರುಜು ಹಾಕಿದ. ಕೊಟ್ಟು ಮೆಟ್ಟಿಲಿಳಿಯುವಾಗ ಗೋಡೆಯ ಮೇಲಿನ ನಿಯಮ ಕಣ್ಣಿಗೆ ಬಿತ್ತು: ಪರವಾನಗಿಯಲ್ಲಿಲ್ಲದ ಕಸುಬು ಮಾಡಿದರೆ ಅಂಗಡಿಯ ಜಾಗ ಪುರಸಭೆಗೆ ವಾಪಸ್ಸು. ಮೊದಲು ಓದಬೇಕಾದ್ದನ್ನು ಕೊನೆಗೆ ಓದುವುದು ನಮ್ಮಂಥವರ ಹಣೆಬರಹ. ಎದ್ದೆನೋ ಬಿದ್ದೆನೋ ಎಂದು ವಾಪಸ್ಸು ಓಡಿದರೆ, "ಸಾಹೇಬರ ಬೀರು ಒಳಗೆ ಇಟ್ಟಾಯ್ತಲ್ಲಪ್ಪ, ಅವರೇ ನೋಡ್ತಾರೆ" ಎಂದ ಆಗಿನ ಗುಮಾಸ್ತ.

ಪುಣ್ಯಕ್ಕೆ ಯಾರೂ ನೋಡಲಿಲ್ಲ. ಮೂವರು ಸಾಹೇಬರು ಬಂದರು, ಹೋದರು.

"ಅದು ಅಲ್ಲೇ ಧೂಳು ತಿಂದ್ಕೊಂಡು ಬಿದ್ದಿರ್ಲಿ. ನೀವು ಮಾತ್ರ ಅದರ ಸುದ್ದಿ ಎತ್ಬೇಡಿ" ಎನ್ನುತ್ತಿದ್ದಳು ಹೆಂಡತಿ. ಅವನೂ ಎತ್ತಲಿಲ್ಲ. ಆದರೆ ಪ್ರತಿ ನವೀಕರಣಕ್ಕೂ ಆ ಹಸಿರು ಬೀರುವಿನ ಎದುರು ನಿಂತಾಗ ಅವನು ಅದರತ್ತ ನೋಡದೆ ಗಡಿಬಿಡಿಯಲ್ಲಿ ರುಜು ಹಾಕಿ ಹೊರಬೀಳುತ್ತಿದ್ದ.

ಈ ಸಲ ನವೀಕರಣದ ಕೊನೆಯ ದಿನ, ನಲವತ್ತು ಜನರ ಸಾಲು, ಅದರಲ್ಲಿ ಅವನೂ ಒಬ್ಬ. ಮೂರು ತಿಂಗಳ ಹಿಂದಷ್ಟೇ ಬಂದ ಹೊಸ ಸಾಹೇಬರು ಬೀರು ತೆಗೆಯಲು ಹೋದರೆ ಕೀಲಿ ಮುರಿದು ಅರ್ಧ ಬೀಗದೊಳಗೇ ಉಳಿಯಿತು. ರಿಜಿಸ್ಟರು ಒಳಗೆ, ಮೊಹರೂ ಒಳಗೆ. ಐದು ಗಂಟೆಯೊಳಗೆ ಮೊಹರು ಬೀಳದಿದ್ದರೆ ನಲವತ್ತು ಪರವಾನಗಿಗಳೂ ರದ್ದು. ಗಡಿಯಾರ ಆಗಲೇ ನಾಲ್ಕೂಕಾಲು ತೋರಿಸುತ್ತಿತ್ತು.

"ಈ ಊರಲ್ಲಿ ಬೀಗ ತೆಗೆಯೋರು ಯಾರೂ ಇಲ್ವೇನ್ರೀ?" ಎಂದರು ಸಾಹೇಬರು.

ಸಾಲಿನಲ್ಲಿ ಕೆಲವರು ಫ್ಯಾನು ನೋಡಿದರು, ಕೆಲವರು ತಮ್ಮ ಚಪ್ಪಲಿ ನೋಡಿದರು. ಹೋದ ತಿಂಗಳಷ್ಟೇ ಅವನಿಂದ ಮನೆ ಬಾಗಿಲು ತೆಗೆಸಿಕೊಂಡಿದ್ದ ಈಗಿನ ಗುಮಾಸ್ತ ಪೆನ್ನಿನ ಮುಚ್ಚಳ ನೋಡಿದ. ಒಬ್ಬರಾದರೂ ಕೊಡೆ ಅಳಿಯನತ್ತ ತಿರುಗಲಿಲ್ಲ. ಯಾರಾದರೂ ಬೆರಳು ತೋರಿಸಿದ್ದರೆ ಅವನು ಜಗಳಕ್ಕಾದರೂ ನಿಲ್ಲಬಹುದಿತ್ತು. ಈ ಪ್ರೀತಿಗೆ ಏನು ಮಾಡುವುದು?

ಅವನ ಮುಂದೆ ನಿಂತಿದ್ದ ಚಹಾದ ಗಾಡಿಯ ಅಕ್ಕ ತಿರುಗದೆಯೇ ಪಿಸುಗುಟ್ಟಿದಳು. "ಅಳಿಯಪ್ಪ, ನಾನು ಸತ್ರೂ ಬಾಯಿ ಬಿಡಲ್ಲ ಕಣೋ. ಆದ್ರೆ ಆ ಗಾಡಿ ಬಿಟ್ರೆ ನಂಗೆ ಇನ್ನೇನಿದೆ ಹೇಳು."

ತೆಗೆಯದಿದ್ದರೆ ಎಲ್ಲರ ಜೊತೆ ಅವನ ಅಂಗಡಿಯೂ ಹೋಯಿತು. ತೆಗೆದರೆ ಅವನ ಕೈಬರಹವೇ ಅವನನ್ನು ಹಿಡಿದುಕೊಡುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದ ಅವನಿಗೆ ಹೆಂಡತಿಯ ಮೇಲೆ, ಮಾವನ ಮೇಲೆ, ಆ ದರಿದ್ರ ಬೀರುವಿನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು. ಕಸುಬಿನ ಸಾಕ್ಷಿಗೆಂದು ಚೀಲದಲ್ಲಿ ತಂದಿದ್ದ ಕೊಡೆ ಬಿಚ್ಚಿ ಒಂದು ಕಡ್ಡಿ ಕಿತ್ತ.

"ಸರ್, ಕೊಡೆ ಕಡ್ಡಿ ಇದೆ. ಸುಮ್ನೆ ಒಂದ್ಸಲ ನೋಡ್ಲಾ?"

ಏನೂ ಬಾರದವನಂತೆ ಕಡ್ಡಿಯನ್ನು ಎರಡು ಸಲ ಬೇಕೆಂದೇ ಬೀಳಿಸಿದ. ಆದರೆ ಬೆರಳುಗಳಿಗೆ ಸುಳ್ಳು ಹೇಳಲು ಬರಬೇಕಲ್ಲ! ಮುರಿದ ಚೂರು ಈಚೆ ಬಂತು, ಕಡ್ಡಿ ತಿರುಗಿತು, ಬೀಗ ಕಟಕ್ಕೆಂದಿತು. ಯಾರೋ ಚಪ್ಪಾಳೆ ತಟ್ಟಲು ಹೋಗಿ ನಾಲಿಗೆ ಕಚ್ಚಿಕೊಂಡರು.

ಸಾಹೇಬರು ಅವನ ಕೈಯನ್ನೇ ನೋಡುತ್ತಾ ರಿಜಿಸ್ಟರು ಎಳೆದರು. ಅದರಡಿಯಿಂದ ಹಳದಿಗಟ್ಟಿದ ಕಾಗದವೊಂದು ಮೇಜಿನ ಮೇಲೆ ಬಿತ್ತು. ಮೊಹರು ಒತ್ತುತ್ತಲೇ ನಡುನಡುವೆ ಅದನ್ನು ಓದಿದರು. ಅವನ ಸರದಿ ಬಂದಾಗ ಗುಮಾಸ್ತನನ್ನು ಹೊರಗೆ ಕಳಿಸಿದರು.

"ಈ ರುಜು ನಿಂದೇನಪ್ಪ?"

"ಹೌದು ಸರ್."

"ನಾನಿದನ್ನ ದಾಖಲು ಮಾಡಿದ್ರೆ ನಾಳೆನೇ ನಿನ್ನ ಅಂಗಡಿ ಎತ್ತಿಸ್ಬೇಕು."

"ಹರಿದು ಹಾಕ್ಬಿಡಿ ಸರ್, ದಮ್ಮಯ್ಯ."

"ಆಫೀಸಿನ ಕಾಗದ ಹಾಗೆಲ್ಲ ಹರಿಯೋಕಾಗತ್ತಾ?" ಸಾಹೇಬರ ದನಿಯಲ್ಲಿ ಸಿಟ್ಟಿರಲಿಲ್ಲ. "ಇವತ್ತು ಉಪಕಾರ ಮಾಡಿದೀಯ, ಮರೆಯಲ್ಲ. ಇದು ಇಲ್ಲೇ ಇರ್ಲಿ. ನಾಳೆ ಬಂದು ಬೀರುಗೆ ಹೊಸ ಬೀಗ ಕೂರಿಸ್ಕೊಡು, ಗಟ್ಟಿದು. ಆಮೇಲೂ ಏನಾದ್ರೂ ಕೆಲಸ ಇದ್ರೆ ಕರೀತೀನಿ, ಬರ್ತೀಯಲ್ಲ?"

ಬರುವುದಿಲ್ಲ ಎನ್ನಲು ಅವನಿಗೆ ಬಾಯಿ ಎಲ್ಲಿತ್ತು? ಪರವಾನಗಿಯ ಮೇಲೆ ಮೊಹರು ಬಿತ್ತು. ಕೊಡೆ ರಿಪೇರಿ, ಇನ್ನು ಐದು ವರ್ಷ.

ಮರುದಿನ ತನ್ನಲ್ಲಿದ್ದ ಬೀಗಗಳಲ್ಲೇ ಗಟ್ಟಿಯಾದದ್ದನ್ನು ಆರಿಸಿ ಕೂರಿಸಿ, ಎರಡು ಕೀಲಿಗಳನ್ನೂ ಸಾಹೇಬರ ಕೈಗೆ ಕೊಟ್ಟು ಬಂದ. ಹೆಂಡತಿ ತೊಡೆಯ ಮೇಲೆ ನಿನ್ನೆಯ ಕೊಡೆ ಬಿಡಿಸಿಕೊಂಡು, ಅವನು ಕಿತ್ತ ಕಡ್ಡಿಯ ಜಾಗಕ್ಕೆ ಹೊಸದು ಕಟ್ಟುತ್ತಿದ್ದಳು.

"ನಮಗೆ ಅಂತ ಮೂರನೇ ಕೀಲಿ ಮಾಡ್ಕೊಳ್ಲಿಲ್ವಾ?" ಎಂದು ದನಿ ತಗ್ಗಿಸಿ ಕೇಳಿದಳು.

"ಅದಕ್ಕೆ ಕೀಲಿ ಯಾಕೆ? ಈ ಕಡ್ಡಿ ಸಾಕು, ಎರಡು ನಿಮಿಷದ ಕೆಲಸ."

"ಮತ್ತಿನ್ನೇನು, ಹೋಗಿ ಆ ಅರ್ಜಿ ತಂದುಬಿಡಿ ಮಾರಾಯ್ರೆ!"

ಅವನು ಗೋಡೆಗೆ ಒರಗಿ ಕುಳಿತ.

"ಆ ಕಾಗದ ಕಾಣೆಯಾದ್ರೆ ಅವರು ಯಾರನ್ನ ಹಿಡೀತಾರೆ ಹೇಳು. ಊರಲ್ಲಿ ಆ ಬೀಗ ತೆಗೆಯೋಕೆ ಬರೋದು ನನಗೊಬ್ಬನಿಗೇ."